ಲ್ಯಾಪ್‌ಟಾಪಿನೊಳಗೊಂದು ಜಾಹೀರಾತು ಹರಾಜುಕಟ್ಟೆ

ವೆಬ್ ಪುಟ ತೆರೆದುಕೊಳ್ಳುವ ಹೊತ್ತಿನಲ್ಲೇ ಜಾಹೀರಾತಿನ ಜಾಗಕ್ಕೆ ಹರಾಜು ನಡೆದು ಮುಗಿದಿರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಯಾರು ಕೂಗಿದರು, ಯಾರು ಕೇಳಿಸಿಕೊಂಡರು, ದುಡ್ಡು ಯಾರ ಲೆಕ್ಕಕ್ಕೆ ಹೋಯಿತು ಅಂತ ಕೇಳಿದರೆ ಬಾಣದ ಗುರುತುಗಳಿರುವ ಒಂದು ಚಿತ್ರ ತೋರಿಸಿ ಸುಮ್ಮನಾಗುತ್ತಾರೆ. ಆ ಚಿತ್ರದಲ್ಲಿರುವ ಒಂದೊಂದು ಡಬ್ಬವನ್ನೂ ಕೈಯಾರೆ ಕಟ್ಟಿ ನೋಡೋಣ ಅನ್ನಿಸಿತು. ಕಟ್ಟಿದೆ. ಏನೇನಾಯಿತು ಅಂತ ಇಲ್ಲಿ ಬರೆದಿಟ್ಟಿದ್ದೇನೆ.

ಗುರಿ ಚಿಕ್ಕದು. ಒಂದೇ ಯಂತ್ರದಲ್ಲಿ ಒಂದು ಸುದ್ದಿ ಪುಟ, ಹರಾಜು ನಡೆಸುವ ಒಂದು ಎಕ್ಸ್‌ಚೇಂಜ್, ಜಾಹೀರಾತುದಾರರ ಪರವಾಗಿ ಬೆಲೆ ಕೂಗುವ ನಾಲ್ಕು ಬಿಡ್ಡರ್‌ಗಳು. ನಿಜವಾದ ದುಡ್ಡಿಲ್ಲ, ನಿಜವಾದ ಓದುಗರೂ ಇಲ್ಲ. ಆದರೆ ಇವರೆಲ್ಲ ತಮ್ಮತಮ್ಮಲ್ಲಿ ಆಡುವ ಭಾಷೆ ಮಾತ್ರ ನಿಜವಾದದ್ದೇ ಇರಬೇಕು. ಆ ಭಾಷೆಯ ಹೆಸರು ಓಪನ್‌ಆರ್‌ಟಿಬಿ. 2010ರಲ್ಲಿ ಕೆಲವು ಕಂಪನಿಗಳು ಸೇರಿ ಶುರು ಮಾಡಿದ ಈ ನಿಯಮಾವಳಿಯನ್ನು ಈಗ ಜಾಹೀರಾತು ಉದ್ಯಮಕ್ಕೆ ತಾಂತ್ರಿಕ ನಿಯಮ ರೂಪಿಸುವ ಐಎಬಿ ಟೆಕ್ ಲ್ಯಾಬ್ ನೋಡಿಕೊಳ್ಳುತ್ತದೆ. 3.0 ಆವೃತ್ತಿ 2018ರಲ್ಲೇ ಬಂದಿದೆ. ಆದರೂ ಮಾರುಕಟ್ಟೆ ಹಳೆಯ 2ರ ಸಾಲನ್ನು ಬಿಟ್ಟು ಅಲುಗಲಿಲ್ಲ. ಹಾಗಾಗಿ ನಾನು 2022ರ 2.6ನ್ನೇ ಹಿಡಿದೆ.

ಬರೆದದ್ದು ಪೈಥಾನ್‌ನಲ್ಲಿ. ಒಂದೇ ಹೊತ್ತಿಗೆ ಹಲವರಿಗೆ ಕೇಳಿ ಉತ್ತರಕ್ಕೆ ಕಾಯುವ ಕೆಲಸ ಇದಾದ್ದರಿಂದ ಪೈಥಾನ್‌ನ ಅಸಿಂಕ್‌ಐಒ ಲೈಬ್ರರಿ ಬೇಕೇ ಬೇಕು. ಲೆಕ್ಕ ಇಡಲು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಸಾಕು.

ಯಂತ್ರದ ತಯಾರಿಯಲ್ಲಿ ಒಂದು ಮಾತು. ಎಲ್ಲರನ್ನೂ ಲೋಕಲ್‌ಹೋಸ್ಟ್‌ನಲ್ಲಿ, ಅಂದರೆ ಯಂತ್ರ ತನಗೆ ತಾನೇ ಇಟ್ಟುಕೊಂಡ ಹೆಸರಿನಲ್ಲಿ, ಬೇರೆ ಬೇರೆ ಪೋರ್ಟ್‌ಗಳಲ್ಲಿ ಕೂರಿಸಿಬಿಟ್ಟರೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಮುಗಿಯುವುದಿಲ್ಲ. ಸೈಟುಗಳು ಬ್ರೌಸರ್‌ನಲ್ಲಿ ಬಿಟ್ಟುಹೋಗುವ ಪುಟ್ಟ ಗುರುತುಗಳಾದ ಕುಕಿಗಳಿಗೆ ಪೋರ್ಟ್ ನಂಬರ್ ಲೆಕ್ಕಕ್ಕಿಲ್ಲ. ಹೋಸ್ಟ್‌ನ ಹೆಸರು ಒಂದೇ ಆದರೆ ಒಬ್ಬರ ಕುಕಿ ಇನ್ನೊಬ್ಬರ ಕೈಗೆ ಹೋಗುತ್ತದೆ. ಎಕ್ಸ್‌ಚೇಂಜ್ ಮತ್ತು ಬಿಡ್ಡರ್ ಬೇರೆ ಬೇರೆ ಮನೆಯವರು ಎಂಬುದೇ ಈ ಆಟದ ಮೂಲ. ಅದಕ್ಕೇ ಯಾವ ಹೆಸರು ಯಾವ ಯಂತ್ರದ್ದು ಎಂದು ಹೇಳುವ ಹೋಸ್ಟ್ಸ್ ಫೈಲಿನಲ್ಲಿ ಪ್ರತಿಯೊಬ್ಬರಿಗೂ ಬೇರೆ ಹೆಸರು ಬರೆದೆ. ಬೇರೆ ಮನೆಯ ಪುಟದೊಳಗೆ ಕುಕಿ ಹೋಗಬೇಕಾದರೆ ಅದಕ್ಕೆ ಸೇಮ್‌ಸೈಟ್ ನನ್ ಮತ್ತು ಸೆಕ್ಯೂರ್ ಎಂಬ ಎರಡು ಗುರುತು ಇರಬೇಕು, ಸೆಕ್ಯೂರ್ ಅಂದರೆ ಎಚ್‌ಟಿಟಿಪಿಎಸ್. ನನ್ನದೇ ಪ್ರಮಾಣಪತ್ರ ಮಾಡಿಕೊಂಡು ಬ್ರೌಸರ್‌ಗೆ ಅದನ್ನು ನಂಬು ಅಂತ ಹೇಳಿದೆ. ಬೇಜಾರಿನ ಕೆಲಸ, ಆದರೆ ಮುಂದೆ ಇದೇ ಇನ್ನೊಂದು ಕಡೆ ಉಪಯೋಗಕ್ಕೆ ಬಂತು.

ಬಿಡ್ಡರ್‌ಗಳಿಗೆ ಅಡ್ಡಹೆಸರು ಇಟ್ಟೆ. ಧಾರಾಳಿ ಯಾವ ಜಾಗ ಬಂದರೂ ಒಳ್ಳೆ ಬೆಲೆ ಕೂಗುತ್ತಾನೆ. ಜಿಪುಣ ಸ್ವಲ್ಪ ಕಡಿಮೆ ಕೂಗುತ್ತಾನೆ, ಅದೂ ಮೊಬೈಲ್ ಆದರೆ ಮಾತ್ರ. ಗುರುತಿನವನು ಎದುರಿಗಿರುವ ಓದುಗ ಯಾರೆಂದು ಗೊತ್ತಿದ್ದರೆ ಮಾತ್ರ ಬಾಯಿ ತೆರೆಯುತ್ತಾನೆ. ಸೋಮಾರಿ ಎಲ್ಲರಿಗಿಂತ ಜಾಸ್ತಿ ಬೆಲೆ ಕೊಡುತ್ತಾನೆ, ಆದರೆ ಉತ್ತರ ಹೇಳುವ ಮೊದಲು 180 ಮಿಲಿಸೆಕೆಂಡ್ ಆಕಳಿಸುತ್ತಾನೆ. ಆ 180 ನಾನೇ ಹಾಕಿದ ನಿದ್ದೆ.

ಕೇಳುವ ಚೀಟಿ

ಓದುಗನ ಬ್ರೌಸರ್ ಪುಟ ತೆರೆದಾಗ ಪುಟದ ಸ್ಕ್ರಿಪ್ಟ್ ಎಕ್ಸ್‌ಚೇಂಜ್‌ಗೆ ಹೇಳುತ್ತದೆ: ಇಲ್ಲೊಂದು 300 ಪಿಕ್ಸೆಲ್ ಅಡ್ಡ, 250 ಪಿಕ್ಸೆಲ್ ಉದ್ದದ ಜಾಗ ಖಾಲಿ ಇದೆ. ಎಕ್ಸ್‌ಚೇಂಜ್ ಅದನ್ನು ಬಿಡ್ ರಿಕ್ವೆಸ್ಟ್ ಎಂಬ ಜೇಸನ್ ಚೀಟಿಯಾಗಿ ಮಾಡಿ ಎಲ್ಲ ಬಿಡ್ಡರ್‌ಗಳಿಗೂ ಏಕಕಾಲಕ್ಕೆ ಕಳಿಸುತ್ತದೆ. ಚೀಟಿಯ ಮೇಲ್ತುದಿಯಲ್ಲಿ ಕಡ್ಡಾಯ ಅಂತ ಇರುವುದು ಎರಡೇ: ಈ ಹರಾಜಿನ ಐಡಿ, ಮತ್ತು ಇಂಪ್ ಎಂಬ ಪಟ್ಟಿ. ಇಂಪ್ ಅಂದರೆ ಮಾರಾಟಕ್ಕಿರುವ ಜಾಗ. ಉಳಿದದ್ದೆಲ್ಲ ಇದ್ದರೆ ಒಳ್ಳೆಯದು ಎನ್ನುವ ಜಾತಿ. ಸೈಟ್ ಯಾವುದು, ಪುಟದ ವಿಳಾಸ ಏನು, ಸಾಧನ ಯಾವುದು, ಬ್ರೌಸರ್ ಯಾವುದು, ಐಪಿ ವಿಳಾಸ, ಬಳಕೆದಾರನ ಗುರುತು, ಬೇಡದ ಜಾಹೀರಾತುದಾರರ ಪಟ್ಟಿ, ಕನಿಷ್ಠ ಬೆಲೆ.

ಆ ಎರಡು ಕಡ್ಡಾಯ ವಿಷಯ ಮಾತ್ರ ಇಟ್ಟು ಒಂದು ಚೀಟಿ ಕಳಿಸಿ ನೋಡಿದೆ. ನಿಯಮದ ಪ್ರಕಾರ ಸರಿಯಾದ ಚೀಟಿ. ಧಾರಾಳಿ ಒಬ್ಬ ಕೂಗಿದ. ಜಿಪುಣನಿಗೆ ಮೊಬೈಲ್ ಹೌದೋ ಅಲ್ಲವೋ ಗೊತ್ತಾಗಲಿಲ್ಲ, ಸುಮ್ಮನಾದ. ಗುರುತಿನವನಿಗೆ ಗುರುತೇ ಇಲ್ಲ. ಒಂದೊಂದೇ ವಿವರ ಸೇರಿಸುತ್ತಾ ಹೋದ ಹಾಗೆ ಕೂಗುವವರು ಹೆಚ್ಚುತ್ತಾ ಬಂದರು. ಈ ವ್ಯಾಪಾರದ ಗುಟ್ಟು ಇಲ್ಲೇ ಇದೆ. ಮಾರುವವನಿಗೆ ಓದುಗನ ಬಗ್ಗೆ ಜಾಸ್ತಿ ಹೇಳಿದಷ್ಟೂ ಲಾಭ. ಆ ಚೀಟಿ ಹೋಗುವುದು ಗೆದ್ದವನಿಗೆ ಮಾತ್ರ ಅಲ್ಲ, ಸೋತವರಿಗೂ, ಕೂಗದೆ ಕೂತವರಿಗೂ. ನನ್ನ ಸೋಮಾರಿಯ ಲಾಗ್ ತೆರೆದು ನೋಡಿದರೆ ಒಂದು ಹರಾಜೂ ಗೆಲ್ಲದ ಅವನ ಹತ್ತಿರ ಎಲ್ಲ ಪುಟಗಳ ವಿಳಾಸ, ಎಲ್ಲ ಐಪಿಗಳೂ ಇದ್ದವು. ಖಾಸಗಿತನದ ಬಗ್ಗೆ ಯುರೋಪಿನಲ್ಲಿ ಇಷ್ಟೊಂದು ಜಗಳ ಯಾಕೆ ಎಂದು ಆ ಲಾಗ್ ನೋಡಿದಾಗ ತಿಳಿಯಿತು.

ಬೇಡ ಅನ್ನುವವರು ಹೇಗೆ ಹೇಳಬೇಕು? ಎಚ್‌ಟಿಟಿಪಿ 204 ಎಂಬ ಖಾಲಿ ಉತ್ತರ ಕಳಿಸಿದರೆ ಸಾಕು. ಬೇರೆ ರೀತಿಯಲ್ಲೂ ಹೇಳಬಹುದು, ಆದರೆ ಇದರಲ್ಲಿ ಬ್ಯಾಂಡ್‌ವಿಡ್ತ್ ಉಳಿಯುತ್ತದೆ. ಬೇಡ ಎನ್ನುವುದೇ ಜಾಸ್ತಿ ನಡೆಯುವ ಜಾಗದಲ್ಲಿ ಇದು ಸಣ್ಣ ಉಳಿತಾಯ ಅಲ್ಲ.

ಗಡಿಯಾರದ ಜೊತೆ ಕುಸ್ತಿ

ಚೀಟಿಯಲ್ಲಿ ಟಿಮ್ಯಾಕ್ಸ್ ಎಂಬ ಒಂದು ಸಂಖ್ಯೆ ಇರುತ್ತದೆ. ಇಷ್ಟು ಮಿಲಿಸೆಕೆಂಡ್ ಒಳಗೆ ನಿನ್ನ ಉತ್ತರ ನನ್ನ ಕೈಸೇರಬೇಕು ಎಂದರ್ಥ. ಗಮನಿಸಬೇಕಾದ್ದು: ದಾರಿಯಲ್ಲಿ ಕಳೆಯುವ ಹೊತ್ತೂ ಇದರಲ್ಲೇ ಸೇರಿದೆ. ನಾನು 120 ಇಟ್ಟೆ.

ಪೈಥಾನ್‌ನಲ್ಲಿ ಎಲ್ಲರಿಗೂ ಒಟ್ಟಿಗೆ ಕೇಳುವುದಕ್ಕೆ ಮೊದಲು ಕೈಗೆ ಸಿಗುವುದು ಗ್ಯಾದರ್. ಅದು ಎಲ್ಲರೂ ಬರುವವರೆಗೂ ಕಾಯುತ್ತದೆ. ಅಂದರೆ ಹರಾಜಿನ ವೇಗ ಸೋಮಾರಿಯ ವೇಗ. ಅದರ ಬದಲು ವೆಯ್ಟ್ ಬಳಸಿ ಅದಕ್ಕೆ ಗಡುವು ಕೊಡಬೇಕು. ಆದರೆ ವೆಯ್ಟ್ ಗಡುವು ಮುಗಿದ ಮೇಲೆ ಬಾಕಿ ಉಳಿದವರನ್ನು ತಾನಾಗಿ ಕಳಿಸಿಬಿಡುವುದಿಲ್ಲ. ಅವರು ಹಿಂದೆ ಕೂತೇ ಇರುತ್ತಾರೆ. ಒಬ್ಬೊಬ್ಬರನ್ನೂ ಕ್ಯಾನ್ಸಲ್ ಮಾಡದಿದ್ದರೆ ಪ್ರತಿ ಹರಾಜಿಗೂ ಒಬ್ಬ ಸೋಮಾರಿ ಬಾಗಿಲಲ್ಲಿ ಉಳಿದುಕೊಳ್ಳುತ್ತಾನೆ.

ಒಂದೇ ಯಂತ್ರದೊಳಗೆ ದಾರಿ ಅನ್ನುವುದೇ ಇಲ್ಲವಲ್ಲ, ಎಲ್ಲವೂ ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ. ನಿಜ ಜಗತ್ತಿನ ದೂರ ಬೇಕಲ್ವಾ? ಲಿನಕ್ಸ್‌ನಲ್ಲಿ ಟಿಸಿ ಎಂಬ ಆಜ್ಞೆಯ ಜೊತೆ ನೆಟ್‌ಎಮ್ ಬಳಸಿ ಯಂತ್ರ ತನ್ನೊಂದಿಗೆ ತಾನೇ ಮಾತಾಡುವ ದಾರಿಯಾದ ಲೂಪ್‌ಬ್ಯಾಕ್‌ಗೆ 20 ಮಿಲಿಸೆಕೆಂಡ್ ತಡ ಹಾಕಿದೆ. ಹೋಗುವಾಗ 20, ಬರುವಾಗ 20, ಒಂದು ಸುತ್ತಿಗೆ 40. ಚಾಲೂ ಮಾಡಿದರೆ ನಾಲ್ಕೂ ಬಿಡ್ಡರ್‌ಗಳು ತಡ. ಹತ್ತೇ ಮಿಲಿಸೆಕೆಂಡಿನಲ್ಲಿ ಯೋಚಿಸಿ ಮುಗಿಸುವ ಧಾರಾಳಿ ಕೂಡ ತಡ!

ಲೆಕ್ಕ ಹಾಕಿ ನೋಡಿ. ಹೊಸ ಸಂಪರ್ಕ ತೆರೆಯಲು ಟಿಸಿಪಿಗೆ ಒಂದು ಸುತ್ತು. ಅದರ ಮೇಲೆ ಎಚ್‌ಟಿಟಿಪಿಎಸ್‌ನ ಬೀಗವಾದ ಟಿಎಲ್‌ಎಸ್ 1.3ರ ಕೈಕುಲುಕಿಗೆ ಇನ್ನೊಂದು ಸುತ್ತು. ಆಮೇಲೆ ಚೀಟಿ ಹೋಗಿ ಉತ್ತರ ಬರಲು ಮೂರನೆಯ ಸುತ್ತು. ಮೂರು ನಲವತ್ತು 120. ಬಿಡ್ಡರ್ ಯೋಚನೆ ಮಾಡುವ ಮೊದಲೇ ಗಡುವು ಮುಗಿದಿರುತ್ತದೆ. ಅದೇ ಸಂಪರ್ಕವನ್ನು ಮುಚ್ಚದೆ ಇಟ್ಟುಕೊಂಡು ಮತ್ತೆ ಮತ್ತೆ ಬಳಸಿದರೆ ಒಂದೇ ಸುತ್ತು, 40. ಉಳಿದ 80 ಯೋಚನೆಗೆ. ಓಪನ್‌ಆರ್‌ಟಿಬಿ ದಾಖಲೆ ಸಂಪರ್ಕ ಮುಚ್ಚಬೇಡಿ ಅಂತ ಸಲಹೆ ಕೊಡುವುದು ಓದುವಾಗ ಮಾಮೂಲಿ ಉಪದೇಶದ ಹಾಗೆ ಕಾಣುತ್ತದೆ. ಗಡಿಯಾರ ಇಟ್ಟುಕೊಂಡು ನೋಡಿದರೆ ಅದಿಲ್ಲದೆ ಹರಾಜೇ ಇಲ್ಲ. ದೊಡ್ಡ ಎಕ್ಸ್‌ಚೇಂಜ್‌ಗಳೂ ಬಿಡ್ಡರ್‌ಗಳೂ ಬೇರೆ ಬೇರೆ ಖಂಡಗಳಲ್ಲಿ ಸರ್ವರ್ ಇಟ್ಟು ಪರಸ್ಪರ ಹತ್ತಿರ ಕೂರುವುದು ಯಾಕೆ ಎನ್ನುವುದಕ್ಕೂ ಇದೇ ಉತ್ತರ.

ಸೋಮಾರಿಯ ವಿಷಯ ಮಾತ್ರ ಬಗೆಹರಿಯಲಿಲ್ಲ, ಬಗೆಹರಿಯುವಂಥದ್ದೂ ಅಲ್ಲ. ಅವನ ಬೆಲೆ ಎಲ್ಲರಿಗಿಂತ ಹೆಚ್ಚು. ಟಿಮ್ಯಾಕ್ಸ್ 250 ಮಾಡಿದರೆ ಅವನೇ ಗೆಲ್ಲುತ್ತಾನೆ, ಪುಟದ ಮಾಲೀಕನಾದ ಪಬ್ಲಿಷರ್‌ಗೆ ಜಾಸ್ತಿ ಸಿಗುತ್ತದೆ. ಆದರೆ ಓದುಗ ಅಷ್ಟರಲ್ಲಿ ಕೆಳಗೆ ಸ್ಕ್ರಾಲ್ ಮಾಡಿದ್ದರೆ ಆ ಬೆಲೆ ಕಟ್ಟಿಕೊಂಡು ಏನು ಮಾಡುವುದು? ನಾನು ಕಾಯಲಿಲ್ಲ. ಬದಲಿಗೆ ಸತತವಾಗಿ ತಡ ಮಾಡುವ ಬಿಡ್ಡರ್‌ಗೆ ಕಳಿಸುವ ಚೀಟಿಗಳನ್ನೇ ಕಡಿಮೆ ಮಾಡುವ ಹಾಗೆ ಬರೆದೆ. ಎಲ್ಲರಿಗೂ ಎಲ್ಲವನ್ನೂ ಕಳಿಸುವುದು ದಂಡ. ಕೇಳುವವರೂ ಸೆಕೆಂಡಿಗೆ ಇಷ್ಟೇ ಚೀಟಿ ಅಂತ ಮಿತಿ ಹಾಕಿಯೇ ಇರುತ್ತಾರೆ.

ಹರಾಜು, ಅಷ್ಟೇನಾ?

ಹರಾಜಿನ ಕೋಡ್ ಒಂದು ಪರದೆಯಲ್ಲಿ ಹಿಡಿಯಿತು. ಕನಿಷ್ಠ ಬೆಲೆಗಿಂತ ಕೆಳಗಿನವರನ್ನು ತೆಗೆ, ಉಳಿದವರನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸು, ಮೊದಲನೆಯವನನ್ನು ಎತ್ತಿಕೋ. ಇಷ್ಟೇ.

ಬೆಲೆಗಳು ಸಾವಿರ ಪ್ರದರ್ಶನಕ್ಕೆ ಇಷ್ಟು ಎಂಬ ಲೆಕ್ಕದಲ್ಲಿರುತ್ತವೆ, ಸಿಪಿಎಂ ಅನ್ನುತ್ತಾರೆ. 2.40 ಡಾಲರ್ ಸಿಪಿಎಂ ಅಂದರೆ ಒಂದು ಸಲ ತೋರಿಸಿದ್ದಕ್ಕೆ 0.0024 ಡಾಲರ್. ಇಂಥ ಚಿಲ್ಲರೆಯನ್ನು ದಶಮಾಂಶದಲ್ಲಿ ಇಟ್ಟರೆ ಕೂಡುತ್ತಾ ಹೋದಂತೆ ಕಂಪ್ಯೂಟರ್ ಕೊನೆಯ ಅಂಕಿಯಲ್ಲಿ ಜಾರುತ್ತದೆ. ಡಾಲರಿನ ಹತ್ತು ಲಕ್ಷದ ಒಂದು ಪಾಲನ್ನು ಒಂದು ಎಂದು ಇಟ್ಟುಕೊಂಡೆ, ಮೈಕ್ರೋ ಅಂತ ಈ ಕೆಲಸದವರು ಕರೆಯುತ್ತಾರೆ. ಆಗ ಒಂದು ಪ್ರದರ್ಶನದ ಬೆಲೆ 2400, ಪೂರ್ಣಾಂಕ, ಜಗಳ ಇಲ್ಲ.

ಗೆದ್ದವನು ಎಷ್ಟು ಕೊಡಬೇಕು ಎಂಬಲ್ಲಿ ಮಜಾ ಇದೆ. ಚೀಟಿಯ ಎಟಿ ಎಂಬ ಜಾಗದಲ್ಲಿ 1 ಇದ್ದರೆ ಕೂಗಿದಷ್ಟೇ ಕೊಡಬೇಕು, 2 ಇದ್ದರೆ ಎರಡನೆಯವನ ಬೆಲೆಗಿಂತ ಒಂದು ಸೆಂಟ್ ಜಾಸ್ತಿ. ಧಾರಾಳಿ 2.40, ಜಿಪುಣ 1.85, ಕನಿಷ್ಠ ಬೆಲೆ 1.00. ಮೊದಲ ಪದ್ಧತಿಯಲ್ಲಿ ಧಾರಾಳಿ ಕೊಡುವುದು 2.40, ಎರಡನೆಯದರಲ್ಲಿ 1.86. ಎರಡನೆಯ ಪದ್ಧತಿಯಲ್ಲಿ ಬಿಡ್ಡರ್‌ಗೆ ತಲೆನೋವಿಲ್ಲ, ತನಗೆ ಆ ಜಾಗ ಎಷ್ಟು ಬಾಳುತ್ತದೋ ಅಷ್ಟನ್ನು ಸುಳ್ಳಿಲ್ಲದೆ ಕೂಗಬಹುದು. ಮೊದಲು ಬಹುತೇಕ ಕಡೆ ಇದೇ ರೂಢಿ ಇತ್ತು. ಗೂಗಲ್ 2007ರಲ್ಲಿ ಖರೀದಿ ಘೋಷಿಸಿ 2008ರಲ್ಲಿ ಕೈಗೆ ತೆಗೆದುಕೊಂಡ ಡಬಲ್‌ಕ್ಲಿಕ್‌ನ ಎಕ್ಸ್‌ಚೇಂಜ್ 2009ರಲ್ಲಿ ಹೊಸ ರೂಪದಲ್ಲಿ ಬಂದಾಗಲೂ ಎರಡನೆಯ ಬೆಲೆಯೇ.

ಇಷ್ಟು ಚೆನ್ನಾಗಿರುವುದನ್ನು ಯಾಕೆ ಬಿಟ್ಟರು? ಅದನ್ನು ನೋಡಲು ಇನ್ನೊಂದು ಎಕ್ಸ್‌ಚೇಂಜ್ ಬೇಕಾಯಿತು. ಅದೇ ಕೋಡ್‌ನ ಇನ್ನೊಂದು ಪ್ರತಿ ಎಬ್ಬಿಸಿ, ಪುಟದಿಂದ ಎರಡಕ್ಕೂ ಕೇಳಿ, ಬಂದ ಎರಡು ಬೆಲೆಯಲ್ಲಿ ದೊಡ್ಡದನ್ನು ಆರಿಸುವ ಹಾಗೆ ಮಾಡಿದೆ. ಹೆಡರ್ ಬಿಡ್ಡಿಂಗ್ ಎನ್ನುವುದು ಇದನ್ನೇ. 2015ರಲ್ಲಿ ಆಪ್‌ನೆಕ್ಸಸ್ ಕಂಪನಿ ಪ್ರೀಬಿಡ್ ಎಂಬ ಮುಕ್ತ ಕೋಡ್ ಬಿಡುಗಡೆ ಮಾಡಿದ ಮೇಲೆ ಇದು ಎಲ್ಲರ ಕೈಗೂ ಸಿಕ್ಕಿತು. ಈಗ ಮೊದಲ ಎಕ್ಸ್‌ಚೇಂಜ್‌ನಲ್ಲಿ 4.00 ಮತ್ತು 1.00 ಎಂಬ ಎರಡು ಕೂಗು. ಅಲ್ಲಿ ಗೆದ್ದ ಬೆಲೆ 1.01. ಎರಡನೆಯದರಲ್ಲಿ 2.00 ಮತ್ತು 1.90. ಗೆದ್ದ ಬೆಲೆ 1.91. ಪುಟ ಎರಡನ್ನೂ ಹೋಲಿಸಿ 1.91ನ್ನು ಆರಿಸಿತು. 4.00 ಕೊಡಲು ಸಿದ್ಧನಿದ್ದವನು ಮನೆಗೆ ಹೋದ, 2.00 ಕೂಗಿದವನು ಗೆದ್ದ, ಪಬ್ಲಿಷರ್‌ಗೂ ನಷ್ಟ. ಒಂದರ ಮೇಲೊಂದು ಹರಾಜು ಪೇರಿಸಿದ ತಕ್ಷಣ ಎರಡನೆಯ ಬೆಲೆಯ ಚೆಂದ ಕೆಡುತ್ತದೆ. ಎಟಿ ಜಾಗದಲ್ಲಿ 1 ಹಾಕಿ ಮತ್ತೆ ಓಡಿಸಿದರೆ 4.00 ನೇರವಾಗಿ ಮೇಲೆ ಬಂದು ಗೆಲ್ಲುತ್ತದೆ. ಎಕ್ಸ್‌ಚೇಂಜ್‌ಗಳು ಒಂದೊಂದಾಗಿ ಮೊದಲ ಬೆಲೆಗೆ ಬಂದವು. ಗೂಗಲ್ ಬಂದದ್ದು 2019ರಲ್ಲಿ.

ಮೊದಲ ಬೆಲೆಗೆ ಬಂದ ಮೇಲೆ ಕೂಗಿದಷ್ಟೂ ಕೈಬಿಡುವುದರಿಂದ ಬಿಡ್ಡರ್‌ಗಳು ಜಾಣರಾಗಲೇಬೇಕು. ಧಾರಾಳಿಗೆ ಒಂದು ಸಣ್ಣ ಬುದ್ಧಿ ಹೇಳಿಕೊಟ್ಟೆ. ಗೆದ್ದರೆ ಮುಂದಿನ ಸಲ ಶೇಕಡಾ 5 ಇಳಿಸು, ಸೋತರೆ ಶೇಕಡಾ 5 ಏರಿಸು, ಆದರೆ 2.40 ದಾಟಬೇಡ. ಇದಕ್ಕೆ ಬಿಡ್ ಶೇಡಿಂಗ್ ಅನ್ನುತ್ತಾರೆ. ನಿಜವಾದ ಕಂಪನಿಗಳಲ್ಲಿ ಇದಕ್ಕೆಂದೇ ದೊಡ್ಡ ದೊಡ್ಡ ಮಾದರಿಗಳಿವೆ, ನನ್ನದು ಎರಡು ಸಾಲು. ಆ ಎರಡು ಸಾಲಿಗೇ ಗ್ರಾಫ್ ಗರಗಸದ ಹಲ್ಲಿನ ಹಾಗಾಯಿತು. ಧಾರಾಳಿ 1.85ರವರೆಗೆ ಇಳಿದು, ಒಮ್ಮೆ ಸೋತು, ಏರಿ, ಮತ್ತೆ ಇಳಿದು, ಜಿಪುಣನ ತಲೆಯ ಮೇಲೆಯೇ ಓಡಾಡತೊಡಗಿದ.

ಆಮೇಲೆ ಮೊಬೈಲ್ ಅಲ್ಲದ ಪುಟ ತೆರೆದೆ. ಜಿಪುಣ ಇಲ್ಲ, ಸೋಮಾರಿ ತಡ, ಗುರುತಿನವನಿಗೆ ಗುರುತಿಲ್ಲ. ಧಾರಾಳಿ ಊರಿಗೊಬ್ಬಳೇ ಪದ್ಮಾವತಿ. ಪ್ರತಿ ಸಲ ಗೆಲ್ಲುತ್ತಾನೆ, ಪ್ರತಿ ಸಲ ಇಳಿಸುತ್ತಾನೆ. ಕನಿಷ್ಠ ಬೆಲೆ ತೆಗೆದು ನೋಡಿದರೆ ಅವನ ಕೂಗು ಸೊನ್ನೆಯ ಕಡೆಗೆ ಜಾರುತ್ತಲೇ ಹೋಯಿತು, ತಡೆಯುವವರೇ ಇಲ್ಲ. 1.00 ಮತ್ತೆ ಹಾಕಿದ ಮೇಲೆ ಅಲ್ಲಿ ನಿಂತ. ಬಿಡ್‌ಫ್ಲೋರ್ ಎಂಬ ಈ ಕನಿಷ್ಠ ಬೆಲೆಯ ಒಂದು ಸಂಖ್ಯೆಗೆ ಪಬ್ಲಿಷರ್‌ಗಳು ಯಾಕೆ ಇಷ್ಟು ತಲೆಕೆಡಿಸಿಕೊಳ್ಳುತ್ತಾರೆ ಎನ್ನುವುದು ಆ ಗ್ರಾಫಿನಲ್ಲಿ ಕಣ್ಣಿಗೆ ಹೊಡೆಯುತ್ತದೆ. ತೀರಾ ಮೇಲಿಟ್ಟರೆ ಜಾಗ ಖಾಲಿ ಉಳಿಯುತ್ತದೆ ಎನ್ನುವುದು ಬೇರೆ ಮಾತು.

ಇನ್ನೊಂದು ಗಮನಕ್ಕೆ ಬಂತು. ಇಲ್ಲಿ ಎಲ್ಲ ಪಾತ್ರಗಳನ್ನೂ ನಾನೇ ಆಡುತ್ತಿದ್ದೇನೆ. ಕನಿಷ್ಠ ಬೆಲೆ ಎಷ್ಟಿಡಬೇಕು ಎಂದು ಪಬ್ಲಿಷರ್ ಪರವಾಗಿ ಯೋಚಿಸುವಾಗ ಬಿಡ್ಡರ್‌ನ ಲಾಗ್ ಪಕ್ಕದ ಕಿಟಕಿಯಲ್ಲೇ ತೆರೆದಿದೆ. ಬಿಡ್ಡರ್‌ನ ಬುದ್ಧಿ ತಿದ್ದುವಾಗ ಎಕ್ಸ್‌ಚೇಂಜ್‌ನ ಹಳೆಯ ಹರಾಜುಗಳೆಲ್ಲ ಕೈಯಲ್ಲಿವೆ. ಆಟದಲ್ಲಿ ಪರವಾಗಿಲ್ಲ. ನಿಜ ಮಾರುಕಟ್ಟೆಯಲ್ಲಿ ಒಂದೇ ಕಂಪನಿ ಮಾರುವವರ ಸಾಧನ, ಹರಾಜುಕಟ್ಟೆ, ಕೊಳ್ಳುವವರ ಸಾಧನ ಮೂರನ್ನೂ ಇಟ್ಟುಕೊಂಡರೆ? ಅಮೆರಿಕ ಸರ್ಕಾರ 2023ರಲ್ಲಿ ಗೂಗಲ್ ಮೇಲೆ ಹೂಡಿದ ದಾವೆಯ ತಿರುಳು ಇದೇ. 2025ರ ಏಪ್ರಿಲ್‌ನಲ್ಲಿ ವರ್ಜೀನಿಯಾದ ಫೆಡರಲ್ ಕೋರ್ಟ್ ಪಬ್ಲಿಷರ್‌ಗಳ ಆಡ್ ಸರ್ವರ್ (ಮಾರುವವರ ಸಾಧನ) ಮತ್ತು ಎಕ್ಸ್‌ಚೇಂಜ್ ಎಂಬ ಎರಡು ಮಾರುಕಟ್ಟೆಗಳಲ್ಲಿ ಗೂಗಲ್ ಕಾನೂನು ಮೀರಿ ಏಕಸ್ವಾಮ್ಯ ನಡೆಸಿದೆ ಎಂದು ತೀರ್ಪು ಕೊಟ್ಟಿತು.

ಇವನು ಯಾರು?

ಗುರುತಿನವನಿಗೆ ಬಾಯಿ ಬರಬೇಕಾದರೆ ಓದುಗನ ಗುರುತು ಸಿಗಬೇಕು. ಎಕ್ಸ್‌ಚೇಂಜ್‌ನ ಕುಕಿಯಲ್ಲಿ ಓದುಗನಿಗೆ ಒಂದು ನಂಬರ್, ಬಿಡ್ಡರ್‌ನ ಕುಕಿಯಲ್ಲಿ ಇನ್ನೊಂದು. ಒಬ್ಬರದನ್ನು ಇನ್ನೊಬ್ಬರು ಓದಲಾರರು. ಅದಕ್ಕೆ ಒಂದು ಉಪಾಯ ಇದೆ: ಪುಟದಲ್ಲಿ ಕಾಣದ ಹಾಗೆ ಒಂದು ಚುಕ್ಕಿ ಚಿತ್ರ ಇಡುವುದು. ಅದು ಮೊದಲು ಎಕ್ಸ್‌ಚೇಂಜ್‌ಗೆ ಹೋಗುತ್ತದೆ, ಎಕ್ಸ್‌ಚೇಂಜ್ ತನ್ನ ನಂಬರನ್ನು ವಿಳಾಸಕ್ಕೆ ಅಂಟಿಸಿ ಬಿಡ್ಡರ್ ಕಡೆಗೆ ತಿರುಗಿಸುತ್ತದೆ, ಬಿಡ್ಡರ್ ತನ್ನ ಕುಕಿ ಓದಿ ತನ್ನ ನಂಬರನ್ನು ಅಂಟಿಸಿ ಹಿಂದಕ್ಕೆ ಕಳಿಸುತ್ತದೆ. ಎರಡೂ ನಂಬರ್ ಅಕ್ಕಪಕ್ಕ ಬರೆದಿಟ್ಟರೆ ಮುಂದಿನ ಚೀಟಿಯ ಬೈಯರ್‌ಯುಐಡಿ ಎಂಬ ಜಾಗದಲ್ಲಿ ಬಿಡ್ಡರ್‌ನ ನಂಬರ್ ತುಂಬಿಸಬಹುದು.

ಕ್ರೋಮ್‌ನಲ್ಲಿ ಕೆಲಸ ಮಾಡಿತು, ಗುರುತಿನವನು ಕೂಗತೊಡಗಿದ. ಸಫಾರಿಯಲ್ಲಿ ಪಿಟ್ಟೆನ್ನಲಿಲ್ಲ. 2020ರ ಮಾರ್ಚ್‌ನಿಂದ ಸಫಾರಿ ಪರರ ಕುಕಿಗಳನ್ನು ಪೂರ್ತಿ ತಡೆಯುತ್ತಿದೆ. ಫೈರ್‌ಫಾಕ್ಸ್ ಪ್ರತಿ ಸೈಟಿಗೂ ಬೇರೆ ಬೇರೆ ಡಬ್ಬಿಯಲ್ಲಿ ಕುಕಿ ಇಡುತ್ತದೆ, ಹಾಗಾಗಿ ಒಂದು ಸೈಟಿನಲ್ಲಿ ಸಿಕ್ಕ ಗುರುತು ಮತ್ತೊಂದರಲ್ಲಿ ಕೆಲಸಕ್ಕೆ ಬಾರದು. ಕ್ರೋಮ್ ಕೂಡ ನಿಲ್ಲಿಸುತ್ತೇನೆ ಎಂದು ವರ್ಷಗಟ್ಟಲೆ ಹೇಳುತ್ತಾ ಬಂದು ಕೊನೆಗೆ ಆ ಯೋಚನೆ ಕೈಬಿಟ್ಟಿತು. ಅದೇ ಪುಟ, ಅದೇ ಜಾಗ, ಓದುಗನೂ ಅವನೇ. ಬ್ರೌಸರ್ ಬದಲಾದರೆ ಕೂಗುವವರು ಬದಲಾಗುತ್ತಾರೆ.

ಹೆಸರು ಹೇಳಿದ ಮಾತ್ರಕ್ಕೆ ನಂಬುವುದಾ?

ಚೀಟಿಯಲ್ಲಿರುವ ಸೈಟಿನ ಹೆಸರನ್ನು ಬರೆದದ್ದು ಯಾರು? ಪುಟದ ಸ್ಕ್ರಿಪ್ಟ್. ಅದು ನಿಜವೇ ಅಂತ ಯಾರು ನೋಡಿದರು? ಯಾರೂ ಇಲ್ಲ. ಹೋಸ್ಟ್ಸ್ ಫೈಲಿಗೆ ಇನ್ನೊಂದು ಹೆಸರು ಸೇರಿಸಿ, ಒಂದು ಕಸದ ಪುಟ ಮಾಡಿ, ಚೀಟಿಯಲ್ಲಿ ಸುದ್ದಿ ಪುಟದ ಹೆಸರು ಬರೆದು ಕಳಿಸಿದೆ. ಬಿಡ್ಡರ್‌ಗಳು ಕಣ್ಣುಮುಚ್ಚಿ ಸುದ್ದಿ ಪುಟದ ಬೆಲೆಯನ್ನೇ ಕೂಗಿದರು. ಮೋಸ ಮಾಡಲು ಬೇಕಾದದ್ದು ಒಂದು ಸಾಲು ಬದಲಾವಣೆ.

ನಿಜ ಜಗತ್ತಿನಲ್ಲೂ ಇದೇ ಭರ್ಜರಿಯಾಗಿ ನಡೆಯುತ್ತಿತ್ತು. ಅದಕ್ಕೆ ಮದ್ದಾಗಿ 2017ರಲ್ಲಿ ಬಂದದ್ದು ಆಡ್ಸ್ ಡಾಟ್ ಟೆಕ್ಸ್ಟ್ ಎಂಬ ಕಡತ. ಪಬ್ಲಿಷರ್ ತನ್ನ ಸೈಟಿನ ಬುಡದಲ್ಲಿ ಇದನ್ನು ಇಡುತ್ತಾನೆ. ಒಂದೊಂದು ಸಾಲಿನಲ್ಲಿ ಅಲ್ಪವಿರಾಮ ಹಾಕಿ ನಾಲ್ಕು ವಿಷಯ: ಎಕ್ಸ್‌ಚೇಂಜ್‌ನ ಡೊಮೈನ್, ಅಲ್ಲಿ ತನ್ನ ಖಾತೆಯ ನಂಬರ್, ಡೈರೆಕ್ಟ್ ಅಥವಾ ರೀಸೆಲ್ಲರ್ ಎಂಬ ಪದ, ಬೇಕಿದ್ದರೆ ಪ್ರಮಾಣೀಕರಣದ ಗುರುತು. ನನ್ನ ಜಾಗವನ್ನು ಮಾರಲು ಇವರಿಗೆ ಮಾತ್ರ ಅಧಿಕಾರ ಎಂಬ ಬಹಿರಂಗ ಘೋಷಣೆ, ಅಷ್ಟೇ. ಗುಪ್ತಲಿಪಿ ಇಲ್ಲ, ಸಹಿ ಇಲ್ಲ. ಕಸದ ಪುಟದವನಿಗೆ ಸುದ್ದಿ ಪುಟದ ಸರ್ವರ್‌ನಲ್ಲಿ ಕಡತ ಇಡಲು ಆಗುವುದಿಲ್ಲವಲ್ಲ, ಅದೇ ಇದರ ಬಲ.

ಸೈಟುಗಳಿಗೆ ಹೋಗಿ ಇದನ್ನು ಓದಿಕೊಂಡು ಬರುವ ಕ್ರಾಲರ್ ಎಂಬ ಪ್ರೋಗ್ರಾಂ ಬಿಡ್ಡರ್ ಕಡೆ ಬರೆದೆ. ಓದುವುದು ಸಸಾರ ಅನ್ನಿಸುತ್ತದೆ. ಆದರೆ ಪಠ್ಯ ಕಡತಗಳು ಮನುಷ್ಯರ ಕೈಯಲ್ಲಿ ತಯಾರಾಗುತ್ತವೆ. ಕೆಲವರು ಮೊದಲ ಅಕ್ಷರಕ್ಕೂ ಮುಂಚೆ ಕಣ್ಣಿಗೆ ಕಾಣದ ಬಿಒಎಂ ಗುರುತು ಬಿಟ್ಟಿರುತ್ತಾರೆ, ಆಗ ಮೊದಲ ಸಾಲಿನ ಡೊಮೈನ್ ಹೊಂದುವುದೇ ಇಲ್ಲ. ಹ್ಯಾಶ್ ಗುರುತಿನ ನಂತರದ್ದು ಟಿಪ್ಪಣಿ, ಅದನ್ನು ಕತ್ತರಿಸಬೇಕು. ಡೈರೆಕ್ಟ್ ಪದ ದೊಡ್ಡಕ್ಷರದಲ್ಲೋ ಚಿಕ್ಕಕ್ಷರದಲ್ಲೋ ಹೇಗೆ ಬಂದರೂ ಒಪ್ಪಬೇಕು. ಎಲ್ಲಕ್ಕಿಂತ ಕಿರಿಕಿರಿಯದು: ಕಡತವೇ ಇಲ್ಲದ ಸೈಟುಗಳು 404 ಅನ್ನುವ ಬದಲು 200 ಎಂದು ಹೇಳಿ ಚೆಂದದ ಒಂದು ಎಚ್‌ಟಿಎಂಎಲ್ ಪುಟ ಕೊಡುತ್ತವೆ. ಅದನ್ನು ಖಾಲಿ ಪಟ್ಟಿ ಅಂದುಕೊಂಡರೆ ಆ ಸೈಟಿನ ಯಾರಿಗೂ ಅಧಿಕಾರ ಇಲ್ಲ ಎಂದಾಗುತ್ತದೆ. ಕಡತ ಇಲ್ಲದಿರುವುದು ಬೇರೆ, ಕಡತದಲ್ಲಿ ಹೆಸರಿಲ್ಲದಿರುವುದು ಬೇರೆ. ಮೊದಲನೆಯದಕ್ಕೆ ಏನೂ ಹೇಳಲಾಗದು, ಎರಡನೆಯದಕ್ಕೆ ಸ್ಪಷ್ಟವಾಗಿ ಬೇಡ ಅನ್ನಬೇಕು.

ಕ್ರಾಲರ್ ಚಾಲೂ ಆದ ಮೇಲೆ ಕಸದ ಪುಟಕ್ಕೆ ನಾಲ್ವರೂ 204.

ಆದರೆ ಮಧ್ಯವರ್ತಿಗಳ ಕಥೆ ಇನ್ನೂ ಇದೆ. ಪುಟಕ್ಕೂ ಎಕ್ಸ್‌ಚೇಂಜ್‌ಗೂ ನಡುವೆ ಒಬ್ಬ ಮರುಮಾರಾಟಗಾರನನ್ನು ಕೂರಿಸಿದೆ. ಬಿಡ್ಡರ್ 2.00 ಕೊಟ್ಟ ಎಂದುಕೊಳ್ಳಿ. ಎಕ್ಸ್‌ಚೇಂಜ್ ಶೇಕಡಾ 20 ಇಟ್ಟುಕೊಂಡರೆ 1.60. ಮರುಮಾರಾಟಗಾರ ಅದರಲ್ಲಿ ಶೇಕಡಾ 15 ಹಿಡಿದರೆ ಪಬ್ಲಿಷರ್‌ಗೆ 1.36. ಈ ಶೇಕಡಾವಾರು ನಾನು ಹಾಕಿದ್ದು. ಬ್ರಿಟನ್ನಿನ ಜಾಹೀರಾತುದಾರರ ಸಂಘ ಐಎಸ್‌ಬಿಎ 2020ರಲ್ಲಿ ಲೆಕ್ಕಪರಿಶೋಧನೆಯ ಕಂಪನಿ ಪಿಡಬ್ಲ್ಯುಸಿ ಕೈಯಲ್ಲಿ ಲೆಕ್ಕ ಮಾಡಿಸಿದಾಗ ಜಾಹೀರಾತುದಾರರು ಕೊಟ್ಟ ದುಡ್ಡಿನಲ್ಲಿ ಪಬ್ಲಿಷರ್‌ಗಳಿಗೆ ಮುಟ್ಟಿದ್ದು ಶೇಕಡಾ 51. ಶೇಕಡಾ 15 ಎಲ್ಲಿ ಹೋಯಿತು ಎಂದು ಹೇಳಲೇ ಆಗಲಿಲ್ಲ. ಯಾರ ಯಾರ ಕೈ ದಾಟಿ ಬಂತು ಎಂದು ಚೀಟಿಯಲ್ಲೇ ಬರೆಯುವ ಎಸ್‌ಚೈನ್, ಎಕ್ಸ್‌ಚೇಂಜ್ ತನ್ನ ಖಾತೆದಾರರು ಯಾರು ಎಂದು ಬಯಲು ಮಾಡುವ ಸೆಲ್ಲರ್ಸ್ ಡಾಟ್ ಜೇಸನ್, ಎರಡೂ 2019ರಲ್ಲಿ ಬಂದವು. ಎರಡನ್ನೂ ಸೇರಿಸಿದೆ. ಸರಪಳಿಯ ಪ್ರತಿ ಕೊಂಡಿಗೂ ಡೊಮೈನ್ ಮತ್ತು ಖಾತೆ ನಂಬರ್, ಕೊನೆಗೆ ಸರಪಳಿ ಪೂರ್ತಿ ಇದೆಯೋ ಇಲ್ಲವೋ ಎಂಬ ಒಂದು ಅಂಕಿ. ಬರೆಯಲು ಸುಲಭ.

ಲೆಕ್ಕದ ಪುಸ್ತಕ

ಈ ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ತಿಂದದ್ದು ಇದು. ಹರಾಜು ಗೆದ್ದಾಗ ಎಕ್ಸ್‌ಚೇಂಜ್ ಬಿಡ್ಡರ್‌ಗೆ ಎನ್‌ಯುಆರ್‌ಎಲ್ ಎಂಬ ವಿಳಾಸದ ಮೂಲಕ ನೀನು ಗೆದ್ದೆ ಎಂದು ಹೇಳುತ್ತದೆ. ಹಣ ಲೆಕ್ಕಕ್ಕೆ ಬೀಳುವ ಹೊತ್ತಿಗೆ ಬಿಯುಆರ್‌ಎಲ್ ಎಂಬ ಇನ್ನೊಂದನ್ನು ಕರೆಯುತ್ತದೆ. ಜಾಹೀರಾತಿನ ಒಳಗೆ ಬಿಡ್ಡರ್‌ನದೇ ಒಂದು ಚುಕ್ಕಿ ಚಿತ್ರ ಇರುತ್ತದೆ, ಅದು ಬ್ರೌಸರ್‌ನಿಂದ ನೇರ ಅವನಿಗೆ ಹೋಗುತ್ತದೆ. ಮೂರನ್ನೂ ಬೇರೆ ಬೇರೆ ಪಟ್ಟಿಯಲ್ಲಿ ಬರೆದೆ. ಒಂದೇ ಯಂತ್ರ, ಬರೆದವನು ನಾನೊಬ್ಬನೇ, ಆದರೂ ಮೂರು ಪಟ್ಟಿ ತಾಳೆ ಆಗಲಿಲ್ಲ.

ಒಂದೊಂದೇ ಸಾಲು ಹಿಡಿದು ಹುಡುಕಿದೆ. ಹರಾಜು ಮುಗಿದ ಮೇಲೆ, ಚಿತ್ರ ಬರುವ ಮೊದಲು ಟ್ಯಾಬ್ ಮುಚ್ಚಿದ್ದವು ಕೆಲವು: ಗೆಲುವು ಇದೆ, ಪ್ರದರ್ಶನ ಇಲ್ಲ. ಎರಡು ಎಕ್ಸ್‌ಚೇಂಜ್ ಇದ್ದಾಗ ಒಂದು ಎಕ್ಸ್‌ಚೇಂಜ್‌ನೊಳಗೆ ಗೆದ್ದು ಪುಟದಲ್ಲಿ ಸೋತವು ಕೆಲವು. ಜಾಹೀರಾತು ತಡೆಯುವ ವಿಸ್ತರಣೆ ಚುಕ್ಕಿಯನ್ನು ಮಾತ್ರ ನುಂಗಿ ಚಿತ್ರವನ್ನು ಬಿಟ್ಟವು ಇನ್ನು ಕೆಲವು. ಒಂದೇ ಪ್ರದರ್ಶನ ಎರಡು ಸಲ ಬರೆದದ್ದೂ ಇತ್ತು, ಉತ್ತರ ಬರಲಿಲ್ಲ ಎಂದು ಮತ್ತೆ ಕರೆದದ್ದರಿಂದ. ಕೊನೆಯದಕ್ಕೆ ಮಾತ್ರ ನೇರ ಪರಿಹಾರ ಇದೆ: ಹರಾಜಿನ ಐಡಿ ಮತ್ತು ಇಂಪ್ ಐಡಿ ಸೇರಿಸಿ ಒಂದು ಸಾಲಿಗಿಂತ ಜಾಸ್ತಿ ಬರೆಯದಂತೆ ಎಸ್‌ಕ್ಯೂಲೈಟ್‌ಗೆ ಹೇಳಿಬಿಟ್ಟೆ. ಉಳಿದವು ದೋಷ ಅಲ್ಲ. ಮೂವರು ಮೂರು ಬೇರೆ ಘಟನೆಗಳನ್ನು ಎಣಿಸುತ್ತಿದ್ದಾರೆ. ಗೆದ್ದರೆ ತೋರಿಸಿದಂತೆ ಅಲ್ಲ ಎಂದು ಓಪನ್‌ಆರ್‌ಟಿಬಿ ದಾಖಲೆಯೇ ಹೇಳುತ್ತದೆ. ತೋರಿಸಿದರೂ ಕಂಡಂತೆ ಅಲ್ಲ: ಮಾಧ್ಯಮಗಳ ಅಳತೆಗೆ ನಿಯಮ ಹಾಕುವ ಅಮೆರಿಕದ ಎಂಆರ್‌ಸಿಯ ಅಳತೆಯಲ್ಲಿ ಚಿತ್ರದ ಅರ್ಧ ಭಾಗ ಒಂದು ಸೆಕೆಂಡ್ ಸತತವಾಗಿ ಪರದೆಯ ಮೇಲಿದ್ದರೆ ಕಂಡಿತು ಎಂದು ಲೆಕ್ಕ. ಅದನ್ನೂ ಬ್ರೌಸರ್‌ನಲ್ಲೇ ಇರುವ ಇಂಟರ್‌ಸೆಕ್ಷನ್ ಅಬ್ಸರ್ವರ್ ಹಾಕಿ ಅಳೆದೆ. ಈಗ ನಾಲ್ಕು ಪಟ್ಟಿ.

ಬೆಲೆ ಎಲ್ಲಿ ಹೋಗುತ್ತದೆ ಎಂಬುದೂ ನೋಡತಕ್ಕದ್ದು. ಗೆದ್ದ ಬೆಲೆಯನ್ನು ಎಕ್ಸ್‌ಚೇಂಜ್ ಆಕ್ಷನ್ ಪ್ರೈಸ್ ಎಂಬ ಗುರುತಿನ ಜಾಗದಲ್ಲಿ ತುಂಬಿಸುತ್ತದೆ, ಜಾಹೀರಾತಿನ ಒಳಗಿನ ಚುಕ್ಕಿಯ ವಿಳಾಸದಲ್ಲೂ. ಬ್ರೌಸರ್‌ನ ನೆಟ್‌ವರ್ಕ್ ಫಲಕ ತೆರೆದರೆ 1.86 ಎಂದು ಯಾರು ಬೇಕಾದರೂ ಓದಬಹುದು, 0.01 ಎಂದು ತಿದ್ದಿ ಮತ್ತೆ ಕಳಿಸಲೂಬಹುದು. ದೊಡ್ಡವರು ಬೆಲೆಯನ್ನು ಗುಪ್ತಲಿಪಿಯಲ್ಲಿ ಕಳಿಸುತ್ತಾರೆ. ನಾನು ಬೆಲೆಯ ಜೊತೆ ಗುಟ್ಟಿನ ಕೀಲಿಯಿಂದ ಮಾಡುವ ಒಂದು ಎಚ್‌ಮ್ಯಾಕ್ ಸಹಿ ಅಂಟಿಸಿದೆ. ಓದಬಹುದು, ತಿದ್ದಲಾಗದು. ನನ್ನ ಆಟಕ್ಕೆ ಸಾಕು.

ಚಿತ್ರ ಕೂರಿಸುವ ಕೆಲಸಕ್ಕೆ ಜಾಸ್ತಿ ಹೊತ್ತು ಕೊಡಲಿಲ್ಲ. ಬಂದ ಜಾಹೀರಾತಿನ ಕೋಡನ್ನು (ಚೀಟಿಯಲ್ಲಿ ಇದರ ಹೆಸರು ಎಡಿಎಂ) ಸ್ಯಾಂಡ್‌ಬಾಕ್ಸ್ ಹಾಕಿದ ಐಫ್ರೇಮ್‌ನೊಳಗೆ, ಅಂದರೆ ಪುಟದೊಳಗಿನ ಬೇಲಿ ಹಾಕಿದ ಚೌಕಟ್ಟಿನೊಳಗೆ, ತುಂಬುವುದು, ಪುಟವನ್ನೇ ಬೇರೆ ಕಡೆ ಎಳೆದೊಯ್ಯುವ ಅನುಮತಿ ಕೊಡದಿರುವುದು, ಮೊದಲೇ 250 ಎತ್ತರದ ಜಾಗ ಕಾದಿರಿಸಿ ಓದುತ್ತಿರುವ ಸಾಲು ಕೆಳಗೆ ಜಿಗಿಯದಂತೆ ನೋಡಿಕೊಳ್ಳುವುದು. ಮೂರನೆಯದನ್ನು ಮಾಡದ ಸೈಟುಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಈಗಿನ ಸ್ಥಿತಿ: ಹರಾಜು, ಗಡುವು, ಕನಿಷ್ಠ ಬೆಲೆ, ಆಡ್ಸ್ ಡಾಟ್ ಟೆಕ್ಸ್ಟ್ ಎಲ್ಲ ನಡೆಯುತ್ತಿವೆ. ನಾಲ್ಕು ಪಟ್ಟಿಗಳನ್ನು ಹರಾಜಿನ ಐಡಿ ಹಿಡಿದು ಜೋಡಿಸಿ, ಯಾವ ಸಾಲು ಯಾವ ಹಂತದಲ್ಲಿ ಉದುರಿತು ಎಂದು ತೋರಿಸುವ ಒಂದು ಸ್ಕ್ರಿಪ್ಟ್ ಇದೆ. ಅದು ಹರಾಜಿನ ಕೋಡ್‌ಗಿಂತ ಬಹಳ ಉದ್ದ. ಬಿಡ್ಡರ್‌ಗಳ ದಿನ ಯಾವ ಸಮಯ ವಲಯದಲ್ಲಿ ಶುರುವಾಗುತ್ತದೆ ಎಂಬುದನ್ನು ಮಾತ್ರ ಇನ್ನೂ ಸೇರಿಸಿಲ್ಲ; ಈಗ ಎಲ್ಲರದೂ ಯುಟಿಸಿ. ಮುಂದೆ ಜಿಪುಣನ ದಿನವನ್ನು ಐದು ಗಂಟೆ ಹಿಂದೆ ಸರಿಸಿ, ಅವನ ವರದಿಗೂ ಎಕ್ಸ್‌ಚೇಂಜ್ ವರದಿಗೂ ಎಷ್ಟು ಅಂತರ ಬರುತ್ತದೆ ಎಂದು ನೋಡಬೇಕು. ಆಮೇಲೆ ವೀಡಿಯೊ.